ಜಪಾನಿನ ಔಷಧದಂಗಡಿಯ ಅಂಗರಾಗಗಳು

ಜಪಾನ್ ದೇಶದಲ್ಲಿ ಔಷಧ, ಸಾಬೂನು, ದಂತಚೂರ್ಣ, ತಿಂಡಿಯ ಪೊಟ್ಟಣ ಮೊದಲಾದವುಗಳೊಡನೆ ಒಂದೇ ಸೂರಿನಡಿಯಲ್ಲಿ ವಿಕ್ರಯವಾಗುವ, ಮಾರಾಟಗಾರ್ತಿಯ ಉಪದೇಶಕ್ಕೆ ಕಾಯದೆ ಗಿರಾಕಿಯೇ ಕೈಚಾಚಿ ಆರಿಸಿಕೊಳ್ಳತಕ್ಕ, ಒಂದೊಂದರ ಬೆಲೆ ಬಹುಮಟ್ಟಿಗೆ 500 ಯೆನ್ನಿನಿಂದ 2,000 ಯೆನ್ನಿನೊಳಗೆ ನಿಲ್ಲುವ ಮುಖಾಲಂಕಾರದ ಸಾಮಗ್ರಿಗಳನ್ನು ಔಷಧದಂಗಡಿಯ ಅಂಗರಾಗಗಳೆಂದು ಕರೆಯಬಹುದು. ಅಲ್ಲಿಯ ಆಡುಮಾತಿನಲ್ಲಿ ಇವಕ್ಕೆ ‘ಪುಚಿಪುರ’ ಎಂಬ ಹೆಸರು ರೂಢವಾಗಿದೆ. ಬಹುಮಹಡಿಯ ದೊಡ್ಡ ಮಳಿಗೆಗಳಲ್ಲಿ, ಗಾಜಿನ ಕಟ್ಟೆಯ ಹಿಂದೆ ನಿಂತ ಸಲಹಾಗಾರ್ತಿಯ ಮೂಲಕ ಮಾರಲ್ಪಡುವ ದುಬಾರಿ ಅಂಗರಾಗಗಳನ್ನು ‘ದೆಪಕೊಸು’ ಎನ್ನುವರು. ಅಗ್ಗವಾದುದೆಲ್ಲವೂ ಕಳಪೆಯೆಂಬ ಭಾವನೆ ಲೋಕದಲ್ಲಿ ಬೇರೂರಿರುವುದಾದರೂ, ಜಪಾನಿನ ಈ ವರ್ಗದ ವಸ್ತುಗಳ ಮಟ್ಟಿಗೆ ಅದು ಅಷ್ಟಾಗಿ ಸಲ್ಲುವುದಿಲ್ಲ. ಇವುಗಳ ಅಗ್ಗತನಕ್ಕೆ ಕಾರಣವನ್ನು ಡಬ್ಬಿಯೊಳಗಿನ ಪದಾರ್ಥದಲ್ಲಿ ಹುಡುಕುವುದಕ್ಕಿಂತ, ಬೆಲೆಯನ್ನು ಕುರಿತು ಅಲ್ಲಿಯ ಸ್ತ್ರೀಸಂಘಗಳೂ ಕಾನೂನೂ ವರ್ತಕರೂ ಬಹುಕಾಲ ನಡೆಸಿದ ಜಗ್ಗಾಟದಲ್ಲಿ ಹುಡುಕುವುದು ಯುಕ್ತ.

ಔಷಧಕ್ಕೂ ಅಲಂಕಾರಕ್ಕೂ ಆ ದೇಶದಲ್ಲಿರುವ ನಂಟು ಇಂದಿನದಲ್ಲ. ನಮ್ಮ ಊರುಗಳ ಗ್ರಂಥಿಗೆ ಅಂಗಡಿಯಲ್ಲಿ ಅಳಲೆಕಾಯಿ, ಬಜೆಗಳ ಪಕ್ಕದಲ್ಲಿಯೇ ಕುಂಕುಮವೂ ಕಸ್ತೂರಿ ಅರಿಸಿನವೂ ದೊರೆಯುವಂತೆ, ಇಂದು ಟೋಕಿಯೊ ಎನಿಸಿಕೊಂಡಿರುವ ಎದೊ ನಗರದಲ್ಲಿಯೂ ಮದ್ದಿನ ವ್ಯಾಪಾರಿಯೇ ಮುಖಕ್ಕೆ ಹಚ್ಚುವ ದ್ರವವನ್ನೂ ಮಾರುತ್ತಿದ್ದನು. ಸಾರ್ವಜನಿಕ ಸ್ನಾನಗೃಹದ ಹರಟೆಯನ್ನೇ ವಸ್ತುವಾಗಿಸಿ ‘ಉಕಿಯೊಬುರೊ’ ಎಂಬ ಹಾಸ್ಯಕೃತಿಯನ್ನು ರಚಿಸಿದ ಶಿಕಿತೆಯಿ ಸಾಂಬ ಎಂಬ ಲೇಖಕನು ಹೊಟ್ಟೆಪಾಡಿಗಾಗಿ ಒಂದು ಔಷಧದಂಗಡಿಯನ್ನಿಟ್ಟುಕೊಂಡಿದ್ದು, 1811ರಲ್ಲಿ ‘ಎದೊ ನೊ ಮಿಜು’, ಎಂದರೆ ಎದೊ ನಗರದ ನೀರು, ಎಂಬ ಮುಖದ್ರವವನ್ನು ಮಾರಾಟಕ್ಕೆ ತಂದನು. ಅದರ ಗುಣಗಾನವನ್ನು ತನ್ನ ಪುಸ್ತಕಗಳಲ್ಲಿಯೇ ಸೇರಿಸಿಬಿಟ್ಟನು. ಸಾಹಿತಿಯು ತನ್ನ ಸರಕಿಗೆ ತಾನೇ ಜಾಹೀರಾತು ಬರೆದುಕೊಳ್ಳುವುದು ಗೌರವದ ಮಾತೋ ಅಲ್ಲವೋ ಎಂಬುದನ್ನು ವಾಚಕರ ವಿವೇಚನೆಗೆ ಬಿಡಬಹುದು; ಸರಕೇನೋ ಚೆನ್ನಾಗಿ ಬಿಕರಿಯಾಯಿತು.

ತುಟಿಯ ಬಣ್ಣದ ಕಥೆ ಇದಕ್ಕಿಂತಲೂ ರಸವತ್ತಾದುದು. ಜಪಾನೀಯರ ಸಾಂಪ್ರದಾಯಿಕ ತುಟಿಗೆಂಪಾದ ‘ಬೆನಿ’ಯು ಕುಸುಬೆಯ ಹೂವಿನಿಂದ ತೆಗೆದುದು. ವಿಜಯಪುರ, ಕಲಬುರಗಿ ಸೀಮೆಗಳ ಎರೆಯ ಭೂಮಿಯಲ್ಲಿ ನಾವು ಎಣ್ಣೆಗಾಗಿ ಬೆಳೆಯುವ ಮುಳ್ಳುಗಿಡವೇ ಅಲ್ಲಿ ಉತ್ತರದ ಮೊಗಾಮಿ ನದಿಯ ಬಯಲಿನಲ್ಲಿ ಹೂವಿಗಾಗಿ ಬೆಳೆಯಲ್ಪಡುತ್ತಿತ್ತು. ಆ ಎಸಳುಗಳಲ್ಲಿ ಹಳದಿಯೇ ವಿಶೇಷ, ಕೆಂಪು ನೂರಕ್ಕೆ ಒಂದು ಪಾಲಿನಷ್ಟು ಮಾತ್ರ. ಆದುದರಿಂದ ಎಸಳುಗಳನ್ನು ನೀರಿನಲ್ಲಿ ತೊಳೆದು ಹಳದಿಯನ್ನು ಕಳೆದು, ಹುಳಿಯಲು ಬಿಟ್ಟು, ಕುಟ್ಟಿ, ಬಿಲ್ಲೆಗಳಾಗಿ ತಟ್ಟಿ ಒಣಗಿಸಿ, ದೋಣಿಗಳಲ್ಲಿ ಸಕಾತ ಬಂದರಿಗೆ ಇಳಿಸಿ, ಅಲ್ಲಿಂದ ಹಡಗಿನ ಮೂಲಕ ಕಿಯೋಟೊ ಕಡೆಗೆ ಸಾಗಿಸುತ್ತಿದ್ದರು. ಬೂದಿಯ ತಿಳಿನೀರಿನಂಥ ಕ್ಷಾರದಿಂದ ಕೆಂಪನ್ನು ಬಿಡಿಸಿ, ಹೊಗೆಯಲ್ಲಿ ಒಣಗಿಸಿದ ಉಮೆ ಹಣ್ಣಿನ ಹುಳಿಯಿಂದ ಅದನ್ನು ತಳಕ್ಕಿಳಿಸಿ, ಪಿಂಗಾಣಿ ಬಟ್ಟಲಿನ ಒಳಮೈಗೆ ಬಳಿದು ಮಾರುತ್ತಿದ್ದರು. ಶುದ್ಧವಾದ ಬೆನಿಯು ಒಣಗಿದಾಗ ಜೀರುಂಡೆಯ ರೆಕ್ಕೆಯಂಥ ಹಸಿರು ಮಿಂಚನ್ನು ತಳೆಯುವುದು, ಒದ್ದೆಯ ಕುಂಚ ತಾಕಿದೊಡನೆ ಮತ್ತೆ ಕೆಂಪಾಗುವುದು. ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಕೆಳದುಟಿಗೆ ಬೆನಿಯನ್ನು ದಪ್ಪವಾಗಿ ಬಳಿದು ಹಸಿರು ಹೊಳೆಯುವಂತೆ ಮಾಡಿಕೊಳ್ಳುವುದು ಫ್ಯಾಷನ್ನಾಯಿತು. ಬೆನಿಯಾದರೋ ತುಂಬ ಬೆಲೆಯುಳ್ಳದ್ದು. ಅಷ್ಟು ಹಣವಿಲ್ಲದ ಸಾಮಾನ್ಯ ಸ್ತ್ರೀಯರು ಮೊದಲು ತುಟಿಗೆ ಬರೆಯುವ ಮಸಿಯನ್ನು ಹಚ್ಚಿ, ಅದರ ಮೇಲೆ ಬೆನಿಯನ್ನು ತೆಳುವಾಗಿ ಸವರಿ, ಅದೇ ಹಸಿರು ಹೊಳಪನ್ನು ಸಾಧಿಸಿಕೊಂಡರು. ಕಡಮೆ ವೆಚ್ಚದಲ್ಲಿ ದೊಡ್ಡವರ ಅಲಂಕಾರವನ್ನು ಪಡೆಯುವ ಜಾಣ್ಮೆಗೆ ಇದಕ್ಕಿಂತ ಸೊಗಸಾದ ಪೂರ್ವೋದಾಹರಣೆ ಸಿಕ್ಕುವುದು ಕಷ್ಟ. 1825ರಲ್ಲಿ ಎದೊವಿನಲ್ಲಿ ಬೆನಿಯ ವ್ಯಾಪಾರವನ್ನಾರಂಭಿಸಿದ ಇಸೆಹಾನ್ ಮನೆತನ ಇಂದಿಗೂ ಉಳಿದಿದೆ. ಒಂದು ಕಡೆ ಅದು ಟೋಕಿಯೊವಿನ ಮಿನಾಮಿ ಅಓಯಾಮದಲ್ಲಿ ಬೆನಿಯ ವಸ್ತುಸಂಗ್ರಹಾಲಯವನ್ನು ನಡೆಸುತ್ತಿದೆ. ಇನ್ನೊಂದು ಕಡೆ ‘ಕಿಸ್ ಮಿ’ ಎಂಬ ಹೆಸರಿನಲ್ಲಿ ಔಷಧದಂಗಡಿಗಳಿಗೆ ಮಸ್ಕಾರ, ಐಲೈನರುಗಳನ್ನು ಒದಗಿಸುತ್ತಿದೆ.

ಬಿಳುಪಿನ ಇತಿಹಾಸ ಇಷ್ಟು ಸುಖಕರವಲ್ಲ. ಮುಖಕ್ಕೆ ಬಳಿಯುತ್ತಿದ್ದ ಬಿಳಿಯ ಲೇಪದಲ್ಲಿ ಸೀಸವಿರುತ್ತಿತ್ತು. 1887ರಲ್ಲಿ ಚಕ್ರವರ್ತಿಯ ಸಮ್ಮುಖದಲ್ಲಿ ನಡೆದ ಕಬುಕಿ ಪ್ರದರ್ಶನದಲ್ಲಿ ನಾಲ್ಕನೆಯ ನಕಾಮುರ ಫುಕುಸುಕೆ ಎಂಬ ನಟನ ಕಾಲು ನಡುಗಿದುದು ಸೀಸವಿಷದ ಫಲವೆಂದು ವೈದ್ಯರು ನಿರ್ಣಯಿಸಿದ ಮೇಲೆ ಈ ವಿಷಯ ಜನಜನಿತವಾಯಿತು; ಸೀಸವಿಲ್ಲದ ಪುಡಿಗಳು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಂದುವಾದರೂ, ಸೀಸದ ಲೇಪದ ತಯಾರಿಕೆ ನಿಂತದ್ದು 1930ರ ದಶಕದ ನಡುವೆ. ಅಂಗರಾಗವನ್ನು ಔಷಧಶಾಸ್ತ್ರದ ಕಣ್ಣಿನಿಂದ ನೋಡಬೇಕೆಂಬ ಬುದ್ಧಿಯನ್ನು ಇಂಥ ಅನುಭವಗಳು ಕಲಿಸಿದುವು. ಇಂದು ವಿಶ್ವವಿಖ್ಯಾತವಾಗಿರುವ ಶಿಸೈಡೊ ಸಂಸ್ಥೆಯು 1872ರಲ್ಲಿ ಫುಕುಹಾರ ಅರಿನೊಬು ಎಂಬವನು ಗಿಂಜಾ ಬೀದಿಯಲ್ಲಿ ತೆರೆದ ಪಾಶ್ಚಾತ್ಯ ಪದ್ಧತಿಯ ಔಷಧದಂಗಡಿಯಾಗಿಯೇ ಹುಟ್ಟಿತು. ಅದರ ‘ಯೂಡರ್ಮೀನ್’ ಎಂಬ ಕೆಂಪು ಬಣ್ಣದ ಮುಖದ್ರವ ಹೊರಬಂದುದು 1897ರಲ್ಲಿ. ಒಸಾಕಾದಲ್ಲಿ 1899ರಲ್ಲಿ ಆರಂಭವಾಗಿ, ಕಣ್ಣಿನ ಹನಿಮದ್ದಿನಿಂದ ಹೆಸರುವಾಸಿಯಾದ ರೋಟೊ ಸಂಸ್ಥೆಯೇ ಒಂದು ಶತಮಾನದ ತರುವಾಯ ‘ಹಾದಾ ಲಾಬೊ’ ಎಂಬ ಅಗ್ಗದ ಮುಖದ್ರವದ ಮೂಲಕ ಮನೆಮನೆಯನ್ನೂ ಹೊಕ್ಕಿತು.

ಇನ್ನು ಬೆಲೆಯ ವಿಚಾರ. ಯುದ್ಧಾನಂತರದ ಜಪಾನಿನಲ್ಲಿ ಅಂಗರಾಗದ ಬೆಲೆಯನ್ನು ನಿರ್ಧರಿಸುವವನು ಅಂಗಡಿಕಾರನಾಗಿರಲಿಲ್ಲ, ತಯಾರಕನೇ ಆಗಿದ್ದನು. ಏಕಸ್ವಾಮ್ಯ ನಿಷೇಧದ ಕಾಯಿದೆಗೆ 1953ರಲ್ಲಿ ಆದ ತಿದ್ದುಪಡಿಯು ಕೆಲವು ಗೊತ್ತಾದ ಸರಕುಗಳ ವಿಷಯದಲ್ಲಿ ತಯಾರಕನು ಚಿಲ್ಲರೆ ಬೆಲೆಯನ್ನು ವಿಧಿಸಬಹುದೆಂದು ಅನುಮತಿಯಿತ್ತಿತು. ಅಂಗರಾಗಗಳು ಆ ಪಟ್ಟಿಯಲ್ಲಿ ಸೇರಿದುವು. ಬೆಲೆ ಕಡಮೆಮಾಡಿ ಮಾರುವೆನೆಂದ ಅಂಗಡಿಗೆ ಸರಕು ನಿಲ್ಲಿಸುವ ಅಧಿಕಾರ ಹೀಗೆ ಕಾನೂನಿನ ಬಲವನ್ನೇ ಪಡೆಯಿತು. 1970ರ ದಶಕದಲ್ಲಿ ಈ ವಿನಾಯಿತಿಯನ್ನು ಸಾವಿರ ಯೆನ್ನಿಗೆ ಮೀರದ ಅಂಗರಾಗಗಳಿಗೆ ಮಾತ್ರ ಸೀಮಿತಗೊಳಿಸಿದರು. 1989ರಲ್ಲಿ ನೂರಕ್ಕೆ 3ರಂತೆ ಬಳಕೆತೆರಿಗೆ ಬಂದಾಗ ಆ ಮಿತಿ 1,030 ಯೆನ್ ಆಯಿತು. ಬಡವರು ಕೊಳ್ಳುವ ಸರಕಿನ ಬೆಲೆಯೇ ಕೊನೆಯವರೆಗೂ ಇಳಿಯದಂತೆ ಕಾನೂನಿನ ರಕ್ಷಣೆಯಲ್ಲಿದ್ದುದು ಒಂದು ವಿಪರ್ಯಾಸ. 1997ರಲ್ಲಿ ವಿನಾಯಿತಿ ಪೂರ್ಣವಾಗಿ ರದ್ದಾಯಿತು.

ಈ ವ್ಯವಸ್ಥೆಯನ್ನು ಕಾನೂನು ಬದಲಾಗುವುದಕ್ಕೆ ಬಹಳ ಮುಂಚೆಯೇ ಅಲುಗಾಡಿಸಿದವರು ಗೃಹಿಣಿಯರು. ಊರೂರಿನ ಸ್ತ್ರೀಸಂಘಗಳ ರಾಷ್ಟ್ರೀಯ ಒಕ್ಕೂಟವಾದ ‘ಚಿಫುರೆನ್’ 1952ರಲ್ಲಿ ಸ್ಥಾಪಿತವಾಯಿತು. ಸ್ತ್ರೀಯರ ಮತಾಧಿಕಾರಕ್ಕಾಗಿ ಹೋರಾಡಿದ್ದ ಯಾಮಾತಾಕಾ ಶಿಗೇರಿ ಅದರ ಮೊದಲ ಅಧ್ಯಕ್ಷೆ. ಒಂದು ಡಬ್ಬಿ ಕ್ರೀಮಿಗೆ ತೆರುವ ಹಣದಲ್ಲಿ ಕ್ರೀಮಿಗೆ ಸಲ್ಲುವುದೆಷ್ಟು, ಡಬ್ಬಿಗೆ ಎಷ್ಟು, ಜಾಹೀರಾತಿಗೆ ಎಷ್ಟು ಎಂಬ ಪ್ರಶ್ನೆಯನ್ನು ಈ ಸ್ತ್ರೀಯರು ನೇರವಾಗಿ ಎತ್ತಿದರು. ಆಗ ನೂರು ಯೆನ್ನಿಗೆ ಅಂಗರಾಗವನ್ನು ಮಾರುತ್ತಿದ್ದ ಒಂದು ಚಿಕ್ಕ ಸಂಸ್ಥೆಯೊಡನೆ 1968ರಲ್ಲಿ ಒಪ್ಪಂದವಾಗಿ, ಒಕ್ಕೂಟದ ಹೆಸರನ್ನೇ ಚುಟುಕುಮಾಡಿ ‘ಚಿಫುರೆ’ ಎಂಬ ಅಂಗರಾಗ ಹೊರಟಿತು. ಅದರ ವಿಶೇಷವು ಬೆಲೆಯಲ್ಲಿ ಮಾತ್ರ ಇರಲಿಲ್ಲ. ಡಬ್ಬಿಯೊಳಗೆ ಯಾವ ಯಾವ ಪದಾರ್ಥವಿದೆ, ಎಷ್ಟೆಷ್ಟಿದೆ, ಏತಕ್ಕಾಗಿ ಇದೆ, ಎಂದು ತಯಾರಾಯಿತು ಎಂಬುದನ್ನೆಲ್ಲ ಆ ಸಂಸ್ಥೆ ಬಹಿರಂಗಪಡಿಸಿತು. ಎಲ್ಲ ಘಟಕಗಳ ಹೆಸರನ್ನೂ ಮುದ್ರಿಸಬೇಕೆಂದು ಸರಕಾರ ಸಮಸ್ತ ತಯಾರಕರಿಗೂ ವಿಧಿಸಿದ್ದು 2001ರ ಏಪ್ರಿಲಿನಲ್ಲಿ, ಎಂದರೆ ಮೂರು ದಶಕಗಳಿಗೂ ಮಿಕ್ಕ ಕಾಲದ ನಂತರ. ಖಾಲಿಯಾದ ಡಬ್ಬಿಗೆ ಮರುತುಂಬುವ ಪೊಟ್ಟಣವನ್ನು ಪ್ರತ್ಯೇಕವಾಗಿ ಮಾರುವ ಕ್ರಮವನ್ನೂ ಅದು 1970ರ ದಶಕದಲ್ಲಿಯೇ ಬಳಕೆಗೆ ತಂದಿತು. ಚಿಫುರೆಯ ಡಬ್ಬಿ ನೋಡಲು ಆಕರ್ಷಕವಲ್ಲ, ತರುಣಿಯರ ಮೆಚ್ಚಿನ ಪಟ್ಟಿಗಳಲ್ಲಿ ಅದರ ಹೆಸರು ಮೇಲೆ ಬರುವುದೂ ಕಡಮೆ. ಆದರೆ ಜಪಾನಿನ ಅಗ್ಗದ ಅಂಗರಾಗಗಳ ಚರಿತ್ರೆಯನ್ನು ಬರೆಯುವವನು ಅದಕ್ಕೇ ಅಗ್ರಪೂಜೆ ಸಲ್ಲಿಸಬೇಕು.

ಮಾರಾಟದ ಸ್ಥಳವು ಬದಲಾದ ಬಗೆಯನ್ನು ತಿಳಿಯಲು ಮಾತ್ಸುಮೋಟೊ ಕಿಯೋಶಿ ಸಂಸ್ಥೆಯನ್ನು ನೋಡಿದರೆ ಸಾಕು. ಅದೇ ಹೆಸರಿನ ವರ್ತಕನು 1932ರಲ್ಲಿ ಚಿಬಾ ಪ್ರಾಂತದ ಕೋಗನೆ ಎಂಬಲ್ಲಿ ಒಂದು ಸಣ್ಣ ಔಷಧದಂಗಡಿಯನ್ನು ತೆರೆದನು. ಈತನು ಮುಂದೆ ಮಾತ್ಸುದೊ ನಗರದ ಪುರಾಧ್ಯಕ್ಷನಾಗಿ, ನಾಗರಿಕರ ದೂರುಗಳಿಗೆ ಒಡನೆಯೇ ಪರಿಹಾರ ಕೊಡುವುದಕ್ಕೆಂದು ‘ಈಗಲೇ ಮಾಡುವ ಇಲಾಖೆ’ ಎಂಬುದನ್ನು 1969ರಲ್ಲಿ ಸ್ಥಾಪಿಸಿದ ವಿನೋದದ ಮನುಷ್ಯ. ಅಂಥ ಇಲಾಖೆಗಾಗಿ ಹಂಬಲಿಸದ ಪೌರರು ಯಾವ ದೇಶದಲ್ಲಿಯೂ ಇರಲಾರರು. 1987ರಲ್ಲಿ ಟೋಕಿಯೊವಿನ ಉಯೆನೊ ರೈಲುನಿಲ್ದಾಣದ ಬಳಿಯ ಅಮೆಯೊಕೊ ಪೇಟೆಯಲ್ಲಿ ತೆರೆದ ಈ ಸಂಸ್ಥೆಯ ಮಳಿಗೆಯು, ರೋಗಿಗಳು ಮಾತ್ರ ಕಾಲಿಡುತ್ತಿದ್ದ ಮಂಕು ಔಷಧಾಲಯವನ್ನು ಥಳಥಳಿಸುವ ದೀಪಗಳ, ಶಾಲಾಬಾಲಿಕೆಯರು ಸಂಜೆಯ ಹೊತ್ತು ಸುತ್ತಾಡಿ ಬಣ್ಣಗಳನ್ನು ಕೈಮೇಲೆ ಬಳಿದು ನೋಡುವ ತಾಣವನ್ನಾಗಿ ಮಾರ್ಪಡಿಸಿತು. 2021ರಲ್ಲಿ ಅದು ಕೊಕೊಕಾರ ಫೈನ್ ಎಂಬ ಮತ್ತೊಂದು ಸಂಸ್ಥೆಯೊಡನೆ ಕೂಡಿಕೊಂಡಿತು. ಇದಕ್ಕೆ ಬಹಳ ಮುಂಚೆ, 1998ರ ಡಿಸೆಂಬರಿನಲ್ಲಿ, ಜಪಾನಿನ ಸರ್ವೋಚ್ಚ ನ್ಯಾಯಾಲಯವು, ಗಿರಾಕಿಗೆ ಎದುರುನಿಂತು ಸಲಹೆಕೊಟ್ಟೇ ತನ್ನ ಸರಕನ್ನು ಮಾರಬೇಕೆಂದು ತಯಾರಕನು ಅಂಗಡಿಗೆ ಷರತ್ತು ಹಾಕುವುದು ತಪ್ಪಲ್ಲವೆಂದು ತೀರ್ಪಿತ್ತಿತು. ಅಂದಿನಿಂದ ದಾರಿಗಳೆರಡು ಸ್ಪಷ್ಟವಾಗಿ ಬೇರ್ಪಟ್ಟುವು: ಸಲಹೆಯೊಡನೆ ಮಾರುವ ದುಬಾರಿ ಸರಕು ಒಂದು ಕಡೆ, ಸಲಹೆಯ ವೆಚ್ಚವಿಲ್ಲದೆ ತಂತಿಯ ಕೊಕ್ಕೆಗೆ ತೂಗುಬಿದ್ದ ಅಗ್ಗದ ಸರಕು ಇನ್ನೊಂದು ಕಡೆ.

ಈ ಎರಡನೆಯ ದಾರಿಯಲ್ಲಿ ನಡೆದ ಹೆಸರುಗಳು ಹಲವು. 1964ರಲ್ಲಿ ಆರಂಭವಾದ ಸೆಜಾನ್ ಮತ್ತು 1985ರಲ್ಲಿ ಹುಟ್ಟಿದ ಕ್ಯಾನ್‌ಮೇಕ್ ಇವುಗಳ ಸರಕು ಬಹುಪಾಲು ಸಾವಿರ ಯೆನ್ನಿನ ಆಸುಪಾಸಿನಲ್ಲಿ ಅಥವಾ ಅದಕ್ಕೂ ಕೆಳಗೆ ನಿಲ್ಲುತ್ತದೆ. ದೊಡ್ಡ ಸಂಸ್ಥೆಗಳೂ ಈ ಕಣಕ್ಕೆ ಇಳಿದಿವೆ: ಕಾನೆಬೋ 1997ರಲ್ಲಿ ‘ಕೇಟ್’ ಅನ್ನೂ, ಶಿಸೈಡೊ 2003ರಲ್ಲಿ ‘ಮಜೋಲಿಕ ಮಜೋರ್ಕ’ವನ್ನೂ ತಂದುವು, ಕೋಸೇ ಸಂಸ್ಥೆಯ ‘ವಿಸೆ’ ಈ ಗುಂಪಿನದೇ. ಹೀಗೆ ಒಂದೇ ಮನೆತನದಲ್ಲಿ ಹತ್ತು ಸಾವಿರ ಯೆನ್ನಿನ ಕ್ರೀಮೂ ಸಾವಿರ ಯೆನ್ನಿನ ಕಣ್ಣುಬಣ್ಣವೂ ಇರುವುದರಿಂದ, ದುಬಾರಿ ಸರಕಿಗಾಗಿ ನಡೆದ ಸಂಶೋಧನೆಯ ಫಲ ಕಾಲಾಂತರದಲ್ಲಿ ಅಗ್ಗದ ಸರಕಿಗೂ ಇಳಿದು ಬರುತ್ತದೆ. ಇದಲ್ಲದೆ, ಒಸಾಕಾದ ನಿಹೊನ್ ಕೊಲ್ಮಾರಿನಂತೆ ಅನ್ಯರ ಹೆಸರಿನಲ್ಲಿ ಸರಕು ತಯಾರಿಸಿ ಕೊಡುವುದನ್ನೇ ಕಸುಬಾಗಿಸಿಕೊಂಡ ಕಾರ್ಖಾನೆಗಳು ಆ ದೇಶದಲ್ಲಿ ಬೇರೂರಿರುವುದರಿಂದ, ಸ್ವಂತ ಕಾರ್ಖಾನೆಯಿಲ್ಲದ ಸಣ್ಣ ಸಂಸ್ಥೆಯೂ ಒಳ್ಳೆಯ ಸರಕನ್ನು ಪಡೆಯಬಲ್ಲದು.

ಸರಕುಗಳಲ್ಲಿ ಜಪಾನೀಯರ ಕೈಚಳಕ ಅತ್ಯಂತ ಸ್ಫುಟವಾಗಿ ಕಾಣುವುದು ಕಣ್ಣಿನ ಅಲಂಕಾರದಲ್ಲಿ. ಅಲ್ಲಿಯವರ ರೆಪ್ಪೆಗೂದಲು ಸಾಮಾನ್ಯವಾಗಿ ನೆಟ್ಟಗಿದ್ದು ಕೆಳಮುಖವಾಗಿ ಬಾಗಿರುವುದರಿಂದ, ಇಕ್ಕಳದಂಥ ಸಾಧನದಿಂದ ಅದನ್ನು ಮೇಲಕ್ಕೆ ಬಾಗಿಸುವರು. ನೀರಿನಂಶ ಹೆಚ್ಚಾದ ಮಸ್ಕಾರವನ್ನು ಹಚ್ಚಿದರೆ ಬಾಗು ಮತ್ತೆ ಬಿದ್ದುಹೋಗುವುದು. ಈ ತೊಡಕಿಗೆ ಎರಡು ಪರಿಹಾರಗಳು ಕಂಡುಬಂದುವು. ಇಸೆಹಾನ್ ಸಂಸ್ಥೆಯ ‘ಹೀರೋಯಿನ್ ಮೇಕ್’ನಂಥವು ಮೇಣವನ್ನೂ ಬೇಗ ಆರುವ ಎಣ್ಣೆಗಳನ್ನೂ ಆಶ್ರಯಿಸಿ, ಬೆವರಿಗೂ ಕಣ್ಣೀರಿಗೂ ಜಗ್ಗದೆ ಬಾಗನ್ನು ಬಿಗಿಹಿಡಿಯುತ್ತವೆ, ಅಂಥ ಮಸ್ಕಾರವನ್ನು ತೆಗೆಯುವುದೇ ಒಂದು ಪ್ರಯಾಸವಾದುದರಿಂದ ಅದೇ ಸಂಸ್ಥೆ ಅದಕ್ಕೊಂದು ಪ್ರತ್ಯೇಕ ದ್ರವವನ್ನು ಮಾರುತ್ತದೆ. ‘ಡೆಜಾವು ಫೈಬರ್‌ವಿಗ್’ನಂಥವು ಒಂದೊಂದು ಕೂದಲನ್ನೂ ತೆಳುವಾದ ಪೊರೆಯಿಂದ ಕೊಳವೆಯಂತೆ ಸುತ್ತಿ, ತಣ್ಣೀರಿಗೆ ಮಣಿಯದೆ, ಸುಮಾರು 40 ಡಿಗ್ರಿ ಸೆಲ್ಸಿಯಸ್ಸಿನ ಬಿಸಿನೀರು ತಾಕಿದಾಗ ಮಾತ್ರ ಉಬ್ಬಿ ಕಳಚಿಕೊಳ್ಳುತ್ತವೆ. ಈ ಎರಡನೆಯ ಉಪಾಯ ಹೆಚ್ಚು ಸಭ್ಯವಾದುದು: ಕಣ್ಣನ್ನು ಉಜ್ಜಬೇಕಾಗಿಲ್ಲ, ಕೆಳರೆಪ್ಪೆಯ ಮೇಲೆ ಕಪ್ಪು ಹರಡುವುದಿಲ್ಲ. ಕುಂಚದ ತುದಿಯ ಐಲೈನರುಗಳೂ ಇಷ್ಟೇ ಪ್ರಶಂಸೆಗೆ ಅರ್ಹ. ಕುಂಚದಿಂದ ಅಕ್ಷರ ಬರೆಯುವ ಸಂಪ್ರದಾಯವುಳ್ಳ, ಹಿರೋಶಿಮಾ ಪ್ರಾಂತದ ಕುಮಾನೊವಿನಂಥ ಇಡೀ ಊರೇ ಕುಂಚ ಕಟ್ಟುವ ಕಸುಬಿನಲ್ಲಿ ತೊಡಗಿರುವ ನಾಡಿನಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆಯೆಳೆಯುವ ಲೇಖನಿ ಸಾವಿರದಿನ್ನೂರು ಯೆನ್ನಿಗೆ ಸಿಕ್ಕುವುದು ಆಶ್ಚರ್ಯವಲ್ಲ.

ಬಿಸಿಲುತಡೆಯ ಲೇಪಗಳು ಎರಡನೆಯ ಹಿರಿಮೆ. ನೀಲಲೋಹಿತಾತೀತ ಕಿರಣಗಳಲ್ಲಿ ಚರ್ಮವನ್ನು ಸುಡುವ ‘ಬಿ’ ವರ್ಗಕ್ಕೆ ಎಸ್‌ಪಿಎಫ್ ಎಂಬ ಅಂಕವೂ, ಆಳಕ್ಕಿಳಿದು ಕಪ್ಪಾಗಿಸುವ ‘ಎ’ ವರ್ಗಕ್ಕೆ ಪಿಎ ಎಂಬ ಗುರುತೂ ಉಂಟಷ್ಟೆ; ಈ ಪಿಎ ಕ್ರಮವನ್ನು 1996ರಲ್ಲಿ ಜಪಾನಿನ ಅಂಗರಾಗ ಉದ್ಯಮಸಂಘವೇ ರೂಪಿಸಿತು, ನಾಲ್ಕು ಕೂಡುಚಿಹ್ನೆಗಳ ಅತ್ಯುನ್ನತ ದರ್ಜೆಯನ್ನು 2013ರಲ್ಲಿ ಸೇರಿಸಿತು. ಕಾವೋ ಸಂಸ್ಥೆಯ ‘ಬಿಯೋರೆ ಯುವಿ ಅಕ್ವಾ ರಿಚ್’ ಮತ್ತು ರೋಟೊವಿನ ‘ಸ್ಕಿನ್ ಅಕ್ವಾ’ ನೀರಿನಂತೆ ಹರಡಿ ಕ್ಷಣದಲ್ಲಿ ಆರುತ್ತವೆ. ಹಚ್ಚಿಕೊಂಡವರಿಗೆ ಹಚ್ಚಿಕೊಂಡ ನೆನಪೇ ಇರುವುದಿಲ್ಲ. ಅಮೆರಿಕದಲ್ಲಿ ಬಿಸಿಲುತಡೆಯನ್ನು ಔಷಧವೆಂದು ಪರಿಗಣಿಸಿ ಹೊಸ ಶೋಧಕಗಳಿಗೆ ಒಪ್ಪಿಗೆ ಕೊಡಲು ತಡಮಾಡುವರು. ಜಪಾನಿನಲ್ಲಿ ಅದು ಅಂಗರಾಗವೆನಿಸಿರುವುದರಿಂದ ತಯಾರಕರಿಗೆ ಆಯ್ಕೆ ವಿಶಾಲ. ಅಲಂಕಾರವನ್ನು ತೆಗೆಯುವ ಎಣ್ಣೆಯೂ ಆ ದೇಶದ ಕೊಡುಗೆಯೇ. ನೀರು ತಾಕಿದೊಡನೆ ಹಾಲಿನಂತಾಗಿ ತೊಳೆದುಹೋಗುವ ಈ ಎಣ್ಣೆಯನ್ನು 1967ರಲ್ಲಿ ಶು ಉಯೆಮುರ ಎಂಬ ಪ್ರಸಾಧನಕಾರನು ದುಬಾರಿ ಸರಕಾಗಿ ತಂದನು. ಇಂದು ಕೋಸೇ ಸಂಸ್ಥೆಯ ‘ಸಾಫ್ಟಿಮೊ’ ಅದೇ ಕೆಲಸವನ್ನು ಅಲ್ಪ ಬೆಲೆಗೆ ಮಾಡುತ್ತದೆ. ಕೆನ್ನೆಯ ಬಣ್ಣ, ಕಣ್ಣುರೆಪ್ಪೆಯ ಮಿನುಗುಪುಡಿ, ತುಟಿಯ ಟಿಂಟು ಇವುಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಕಣಗಳು ನುಣುಪು, ಬಣ್ಣ ಸೌಮ್ಯ, ಡಬ್ಬಿ ಗೊಂಬೆಯಾಟದ ಸಾಮಾನಿನಷ್ಟು ಚಿಕ್ಕದು.

ಕಾನೂನಿನ ದೃಷ್ಟಿಯಲ್ಲಿ ಈ ಸರಕುಗಳು ಎರಡು ಬಗೆ. ಸಾಮಾನ್ಯ ಅಂಗರಾಗ ಒಂದು. ಔಷಧಕ್ಕೂ ಅಂಗರಾಗಕ್ಕೂ ನಡುವಣ, ಸರಕಾರದ ಪೂರ್ವಾನುಮತಿ ಬೇಕಾದ ಉಪೌಷಧ ಇನ್ನೊಂದು. ಕಲೆಯನ್ನು ತಡೆಯುವ ಅರ್ಬುಟಿನ್, ಟ್ರನೆಕ್ಸಾಮಿಕ್ ಆಮ್ಲ ಮೊದಲಾದವುಗಳುಳ್ಳ ಸರಕು ಎರಡನೆಯ ವರ್ಗಕ್ಕೆ ಸೇರುತ್ತದೆ. ಅದರ ಮೇಲೆ ಕೂಡ ‘ಮೆಲನಿನ್ ಉತ್ಪತ್ತಿಯನ್ನು ತಗ್ಗಿಸಿ ಕಲೆಗಳನ್ನು ತಡೆಯುವುದು’ ಎಂಬರ್ಥದ ಮಾತನ್ನು ಮಾತ್ರ ಬರೆಯಬಹುದೇ ಹೊರತು ಚರ್ಮವನ್ನು ಬಿಳಿದಾಗಿಸುವುದೆಂದು ಬರೆಯುವಂತಿಲ್ಲ. ಅನುಮತಿಯಿದ್ದ ಮಾತ್ರಕ್ಕೆ ಅಪಾಯವಿಲ್ಲವೆಂದು ಭಾವಿಸಬಾರದು. ರೊಡೊಡೆನಾಲ್ ಎಂಬ ಅನುಮತಿಪಡೆದ ಘಟಕವುಳ್ಳ 54 ಸರಕುಗಳನ್ನು ಕಾನೆಬೋ ಸಂಸ್ಥೆಯು 2013ರ ಜುಲೈಯಲ್ಲಿ ಹಿಂದಕ್ಕೆ ಪಡೆಯಬೇಕಾಯಿತು. 19,000ಕ್ಕೂ ಹೆಚ್ಚು ಜನರ ಮುಖ, ಕೈಗಳಲ್ಲಿ ತೊನ್ನಿನಂಥ ಬಿಳಿಯ ಮಚ್ಚೆಗಳು ಕಾಣಿಸಿಕೊಂಡಿದ್ದುವು. ಅವುಗಳಲ್ಲಿ ಬೆಲೆಯುಳ್ಳ ಸರಕುಗಳೂ ಇದ್ದುವೆಂಬುದನ್ನು ಗಮನಿಸಬೇಕು; ಹಣ ಹೆಚ್ಚು ಕೊಟ್ಟವನ ಚರ್ಮಕ್ಕೆ ಅದರಿಂದ ವಿಶೇಷ ರಕ್ಷಣೆಯೇನೂ ಸಿಕ್ಕಲಿಲ್ಲ.

ಡಬ್ಬಿಯ ಬೆನ್ನಿನ ಬರಹವೆಲ್ಲ ಜಪಾನೀ ಲಿಪಿಯಲ್ಲಿರುವುದಾದರೂ ಅದರ ಕ್ರಮವನ್ನು ತಿಳಿದಿರುವುದು ಉಪಯುಕ್ತ. ಘಟಕಗಳನ್ನು ಪ್ರಮಾಣದ ಇಳಿಕ್ರಮದಲ್ಲಿ ಬರೆದಿರುತ್ತಾರೆ. ನೂರಕ್ಕೆ ಒಂದು ಪಾಲು ಅಥವಾ ಅದಕ್ಕಿಂತ ಕಡಮೆಯಿರುವವನ್ನು ಯಾವ ಕ್ರಮದಲ್ಲಾದರೂ ಬರೆಯಬಹುದು, ಬಣ್ಣಗಳು ಕಟ್ಟಕಡೆಯಲ್ಲಿ. ಸರಿಯಾಗಿಟ್ಟರೆ ಮೂರು ವರ್ಷಕ್ಕೂ ಮೀರಿ ಕೆಡದ ಸರಕಿಗೆ ಅವಧಿಯ ದಿನಾಂಕವನ್ನು ಮುದ್ರಿಸುವ ಕಟ್ಟುಪಾಡಿಲ್ಲ. ಆದುದರಿಂದ ದಿನಾಂಕ ಕಾಣಲಿಲ್ಲವೆಂದು ಅಂಗಡಿಯವನನ್ನು ಸಂಶಯಿಸಬೇಕಾಗಿಲ್ಲ, ಕೊಂಡ ದಿನವನ್ನು ಡಬ್ಬಿಯ ಮೇಲೆ ತಾನೇ ಬರೆದುಕೊಂಡರಾಯಿತು.

ಪರೀಕ್ಷಿಸಿ ನೋಡುವುದಕ್ಕೆ ಅಂಗಡಿಗಳಲ್ಲಿ ‘ಟೆಸ್ಟರ್’ ಎಂದು ಬರೆದ ತೆರೆದ ಮಾದರಿಗಳೂ, ಹಲವೆಡೆ ಒರೆಸಿಕೊಳ್ಳಲು ಕಾಗದವೂ ಪುಟ್ಟ ಕನ್ನಡಿಯೂ ಇರುತ್ತವೆ. ಐಲೈನರನ್ನು ಮುಂಗೈಯ ಬೆನ್ನಿನ ಮೇಲೆ ಎಳೆದು, ಆರಿದ ಮೇಲೆ ಉಜ್ಜಿ ನೋಡುವುದು ವಾಡಿಕೆ. ಅನೇಕರು ಕಣ್ಣಿಗೆ, ತುಟಿಗೆ ತಾಕಿಸಿರಬಹುದಾದ ಮಾದರಿಯನ್ನು ತಾನೂ ಕಣ್ಣಿಗೆ, ತುಟಿಗೆ ತಾಕಿಸುವುದು ಅವಿವೇಕ. ಮುಖಕ್ಕೆ ಬಳಿಯುವ ಫೌಂಡೇಶನ್ನನ್ನು ಅಂಗಡಿಯ ಬಿಳಿಯ ದೀಪದಲ್ಲಿ ನಿರ್ಣಯಿಸದೆ, ದವಡೆಯಂಚಿಗೆ ಸವರಿ ಬೀದಿಯ ಬೆಳಕಿಗೆ ಬಂದು ನೋಡಬೇಕು. ಹೊಸ ಸರಕುಗಳನ್ನು ಒಂದೇ ಸಲಕ್ಕೆ ಹಲವನ್ನು ಆರಂಭಿಸಿದರೆ, ತುರಿಕೆಯೆದ್ದಾಗ ಯಾವುದನ್ನು ದೂರಬೇಕೆಂಬುದೇ ತಿಳಿಯದೆ ಹೋಗುತ್ತದೆ.

ಭಾರತೀಯರು, ಅದರಲ್ಲಿಯೂ ಗೋಧಿಬಣ್ಣದಿಂದ ಎಣ್ಣೆಗಪ್ಪಿನವರೆಗೆ ಹರಡಿದ ನಮ್ಮ ಸೀಮೆಯವರು, ಇಲ್ಲಿ ಎಚ್ಚರವಹಿಸಬೇಕು. ಈ ವರ್ಗದ ಫೌಂಡೇಶನ್ನುಗಳು ಬಹುತೇಕ ‘ಓಕರ್’ ಎಂಬ ಹೆಸರಿನ ಮೂರು ನಾಲ್ಕು ತಿಳಿವರ್ಣಗಳಲ್ಲಿಯೇ ಮುಗಿದುಹೋಗುತ್ತವೆ. ಅವುಗಳಲ್ಲಿ ಅತ್ಯಂತ ಗಾಢವಾದುದೂ ನಮ್ಮಲ್ಲನೇಕರ ಮುಖದ ಮೇಲೆ ಬೂದಿ ಬಳಿದಂತೆ ನಿಲ್ಲುತ್ತದೆ. ಮುಖವನ್ನು ತಿಳಿಯಾಗಿಸುವುದೆಂದು ಹೇಳುವ ನೇರಿಳೆ ಛಾಯೆಯ ಬಿಸಿಲುತಡೆಗಳ ಗತಿಯೂ ಅದೇ. ಇದು ಗುಣದ ಕೊರತೆಯಲ್ಲ, ಆ ಸರಕು ಯಾರನ್ನುದ್ದೇಶಿಸಿ ತಯಾರಾಯಿತೋ ಅವರಲ್ಲಿ ನಾವು ಸೇರಿಲ್ಲವೆಂಬ ಸಂಗತಿ ಮಾತ್ರ. ಬಿಸಿನೀರಿಗೆ ಕಳಚುವ ಮಸ್ಕಾರ, ಕುಂಚದ ಐಲೈನರು, ಬಣ್ಣವಿಲ್ಲದ ಬಿಸಿಲುತಡೆ, ತೊಳೆಯುವ ಎಣ್ಣೆ ಈ ನಾಲ್ಕನ್ನು ಅಲ್ಲಿಗೆ ಹೋದವರು ನಿಸ್ಸಂಕೋಚವಾಗಿ ಕೊಂಡು ತರಬಹುದು. ಫೌಂಡೇಶನ್ನನ್ನು ಮಾತ್ರ ಬೇರೆ ಕಡೆ ಹುಡುಕುವುದು ಲೇಸು.